ನಮ್ಮ ಭಾವನ ಬ್ಯಾಂಡ್ ಫೈಲು

ನಾನು ಓದು ನಿಲ್ಲಿಸಿದ್ದು ೧೯೯೪ರಲ್ಲಿ, ಒಂಬತ್ತನೆಯ ಕ್ಲಾಸಿನ ಅರ್ಧಕ್ಕೆ. ನಮ್ಮ ಭಾವ ಇವತ್ತಿನವರೆಗೂ ನಿಲ್ಲಿಸಿಲ್ಲ. ಸೋಪಿನ ಹೊದಿಕೆ, ಕೆಮ್ಮಿನ ಔಷಧಿಯ ಚೀಟಿ, ಲಿಫ್ಟಿನೊಳಗಿನ ಎಚ್ಚರಿಕೆ, ಮದುವೆ ಕಾರ್ಡಿನ ಹಿಂಬದಿಯ ಪ್ರೆಸ್ಸಿನ ವಿಳಾಸ, ಎಲ್ಲವನ್ನೂ ಓದಿ, ಮೂಲೆಯಲ್ಲಿ ಒಂದು ಪುಟ್ಟ ಸಹಿ ಹಾಕದಿದ್ದರೆ ಅವರಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅವರ ಮನೆಯ ಕ್ಯಾಲೆಂಡರಿನಲ್ಲಿ ಮುಗಿದ ಪ್ರತಿ ತಿಂಗಳ ಹಾಳೆಗೂ ಅವರ ಸಹಿ ಇದೆ. ತಿಂಗಳು ಮುಗಿದದ್ದಕ್ಕೆ ಒಪ್ಪಿಗೆ! ಅವರು ಸಹಿ ಹಾಕದಿದ್ದರೆ ಜುಲೈ ಬರುತ್ತಿರಲಿಲ್ಲವೇ? ಬರುತ್ತಿತ್ತೋ ಏನೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರು. ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎರಡನೆಯ ಮಹಡಿಯ ಮನೆ. ಮಕ್ಕಳಿಲ್ಲ. ತಮ್ಮ ಮದುವೆಯಾದ ಮರುವರ್ಷ ಊರಿನಲ್ಲಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು ದೆಹಲಿಗೆ ಕರೆತಂದವರು ಅವರೇ. ಆಮೇಲಿನದ್ದೆಲ್ಲ ನನ್ನ ಕೈ ಕೆಲಸ. ಪಕ್ಕದ ಮುನಿರ್ಕಾದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು, ಕೂಲರುಗಳ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಜೀವ ಕೊಡುತ್ತೇನೆ. ನಾನು ಸುತ್ತಿದ ಮೋಟಾರು ತಿರುಗಿ ಬಂದದ್ದು ಕಡಿಮೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಒಂದು ಮೇ ತಿಂಗಳು ಭಾವನ ಮನೆಯ ಕೂಲರ್ ನಿಂತಿತು. ಕೂಲರ್ ರಿಪೇರಿ ಮಾಡುವ ಸ್ವಂತ ಭಾಮೈದ ನಡೆದು ಬರುವಷ್ಟು ದೂರದಲ್ಲಿದ್ದಾನೆ. ಫೋನ್ ಮಾಡಿದರೆ ಮುಗಿಯಿತಲ್ಲವೇ? ಮುಗಿಯಲಿಲ್ಲ! "ಸಂಬಂಧಿಕರಿಗೆ ನೇರವಾಗಿ ಕೆಲಸ ಕೊಡೋ ಹಾಗಿಲ್ಲ ಕಣೋ, ಮೂರು ಕೊಟೇಶನ್ ಬೇಕು" ಎಂದರು. ಇನ್ನೆರಡು ಅಂಗಡಿಯವರಿಗೆ ಲಿಖಿತ ಕೊಟೇಶನ್ ಎಂದರೇನೆಂದು ನಾನೇ ಹೋಗಿ ವಿವರಿಸಿ, ನಾನೇ ಬರೆದುಕೊಟ್ಟು, ಅವರ ಸಹಿ ಹಾಕಿಸಿ ತಂದೆ. ಅಕ್ಕ ಅಷ್ಟು ದಿನವೂ ಒದ್ದೆ ಟವೆಲು ಹೊದ್ದು ಮಲಗಿದಳು. ಕೊನೆಗೆ ಕೆಲಸ ನನಗೇ ಮಂಜೂರಾಯಿತು. ಕೂಲರ್ ತಿರುಗಿದ ದಿನ ದೆಹಲಿಗೆ ಜೋರು ಮಳೆ ಬಂತು.

ಇಂಥ ಭಾವನ ಕೈಗೆ ಈ ವರ್ಷ ನನ್ನ ಮಗಳ ಬ್ಯಾಂಡು ಸಿಕ್ಕಿತು.

ಮಗಳು ಆರನೆಯ ಕ್ಲಾಸು. ಆರನೆಯದಕ್ಕೆ ಬಂದವರು ಶಾಲೆಯ ಬ್ಯಾಂಡಿಗೆ ಸೇರಬಹುದು. ಶನಿವಾರ ತಂದೆತಾಯಿ ಜೊತೆ ಬಂದು ವಾದ್ಯಗಳನ್ನು ಮುಟ್ಟಿ, ಊದಿ ನೋಡಬೇಕು. ಸೋಮವಾರದೊಳಗೆ ಫಾರಂನಲ್ಲಿ ಮೂರು ಆಯ್ಕೆ ಬರೆದುಕೊಡಬೇಕು. ಶಾಲೆಯಿಂದ ಬಂದ ಈ ಚೀಟಿಯನ್ನು ಭಾವ ನಾಲ್ಕು ಸಲ ಓದಿದರು. ಶನಿವಾರ ಬೆಳಿಗ್ಗೆ ಹೆಂಡತಿಯನ್ನು ಅಂಗಡಿಯಲ್ಲಿ ಕೂರಿಸಿ ನಾನು, ಮಗಳು ಶಾಲೆಯ ಗೇಟು ತಲುಪುವಷ್ಟರಲ್ಲಿ ಅವರು ಅಲ್ಲಿ ನಿಂತಿದ್ದರು. ಕಂಕುಳಲ್ಲಿ ದಾರ ಕಟ್ಟಿದ ಹೊಸ ಫೈಲು. ಮೇಲೆ ದುಂಡಗೆ ಬರೆದಿತ್ತು: "ವಿಷಯ: ಮಗುವಿನ ವಾದ್ಯ."

ಬ್ಯಾಂಡ್ ಮಾಸ್ಟರು ಸೈನ್ಯದ ಬ್ಯಾಂಡಿನಿಂದ ನಿವೃತ್ತರಾಗಿ ಬಂದವರು. ಮೀಸೆಯ ಎರಡು ತುದಿಯೂ ಅಟೆನ್ಶನ್‌ನಲ್ಲಿ ನಿಂತಿದ್ದವು. ಉದ್ದನೆಯ ಮೇಜಿನ ಮೇಲೆ ವಾದ್ಯಗಳು. ಮಕ್ಕಳು ಕೊಳಲು, ಟ್ರಂಪೆಟ್ಟು, ಡ್ರಮ್ಮು ಎಂದು ಮುಗಿಬಿದ್ದಿದ್ದರು. ಭಾವ ಮಾತ್ರ ಪೆನ್ನು ಹಿಡಿದು ಒಂದೊಂದರ ಮುಂದೆಯೂ ನಿಂತರು.

"ಮಾಸ್ಟರ್‌ಜೀ, ಈ ಡ್ರಮ್ಮಿನ ಆಯುಸ್ಸು ಎಷ್ಟು?" ಭಾವ ಹಿಂದಿಯಲ್ಲಿ ಕೇಳಿದರು.

"ಬಾರಿಸುವವನ ಸಿಟ್ಟಿನ ಮೇಲೆ ಹೋಗುತ್ತದೆ, ಸಾಬ್."

"ಈ ಟ್ರಂಬೋನಿನ ಕೊಳವೆ ಮುಂದೆ ಚಾಚಿದಾಗ, ಮುಂದೆ ಕೂತ ಮಗುವಿನ ತಲೆಗೆ ಬಡಿದರೆ?"

"ಒಂದು ಸಲ ಬಡಿಯುತ್ತದೆ, ಸಾಬ್. ಎರಡನೆಯ ಸಲ ಆ ಮಗು ತಾನೇ ಬಗ್ಗುತ್ತದೆ."

ಭಾವ ಇದನ್ನೂ ಬರೆದುಕೊಂಡರು!

ಭಾವನನ್ನು ನೋಡಿ ನಗುತ್ತಿದ್ದ ನಾನೂ ಸ್ವಲ್ಪ ಹೊತ್ತಿಗೆ ಅದೇ ದಾರಿ ಹಿಡಿದೆ, ಸುಳ್ಳೇಕೆ ಹೇಳಲಿ? ಮೇಜಿನ ತುದಿಯಲ್ಲಿ ಯಾರೂ ಮುಟ್ಟದ ಒಂದು ಹಿತ್ತಾಳೆಯ ವಾದ್ಯವಿತ್ತು. ಯೂಫೋನಿಯಂ ಅಂತೆ. ಎಳೆಯ ಮಗುವನ್ನು ಎತ್ತಿಕೊಂಡ ಹಾಗೆ ತಬ್ಬಿ ಹಿಡಿಯಬೇಕು. ಬಾಯಿ ಆಕಾಶಕ್ಕೆ. ಮೈಯೆಲ್ಲ ಸುತ್ತಿ ಸುತ್ತಿ ಬಂದ ಕೊಳವೆ. ಗುಂಡಿ ಮೂರೇ ಮೂರು! ಮೂರು ಗುಂಡಿಯಲ್ಲಿ ಅಷ್ಟೆಲ್ಲ ಸ್ವರ ಹೇಗೆ ಬರುತ್ತದೆ? ತಡೆಯಲಾರದೆ ಕೇಳಿಯೇಬಿಟ್ಟೆ. ಮಾಸ್ಟರು ಒಂದು ಗುಂಡಿಯನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಗುಂಡಿ ಒತ್ತಿದರೆ ಗಾಳಿ ಇನ್ನೊಂದು ಸುತ್ತು ಕೊಳವೆಯನ್ನು ಹಾದು ಬರಬೇಕು. ದಾರಿ ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಸುತ್ತು ಹೆಚ್ಚಿಸಿದರೆ ಗುಣ ಬದಲಾಗುತ್ತದೆ ಎಂಬುದನ್ನು ನನಗೆ ಯಾರು ಹೇಳಿಕೊಡಬೇಕು? ಇಷ್ಟು ವರ್ಷ ಅದನ್ನೇ ತಾನೇ ಮಾಡಿಕೊಂಡು ಬಂದಿರುವುದು! ಆ ಗುಂಡಿಯನ್ನು ವಾಪಸು ಕೊಡಲು ಮನಸ್ಸೇ ಬರಲಿಲ್ಲ.

ಅಷ್ಟರಲ್ಲಿ ಹಿಂದೆ ಬಾತುಕೋಳಿ ಕೂಗಿದಂತಾಯಿತು. ಮಗಳು ಕ್ಲಾರಿನೆಟ್ ಊದುತ್ತಿದ್ದಳು. ಎರಡನೆಯ ಸಲವೂ ಬಾತುಕೋಳಿಯೇ. ಮೂರನೆಯ ಸಲ ಒಂದು ಸ್ವರ ಬಂತು. ಒಂದೇ ಒಂದು, ದುಂಡಗೆ, ನುಣ್ಣಗೆ. ಅವಳು ಊದುವುದನ್ನು ನಿಲ್ಲಿಸಿ, ಅದು ಎಲ್ಲಿಂದ ಬಂತೆಂದು ಸುತ್ತ ನೋಡಿದಳು.

"ಪಪ್ಪಾ, ಯೇ ಮೈನೇ ಬಜಾಯಾ? ನಾನೇ ಊದಿದ್ದಾ?"

"ಮತ್ತಿನ್ಯಾರೇ? ನೀನೇ."

"ಹಾಗಾದ್ರೆ ಇದೇ. ಪಕ್ಕಾ. ಬೇರೆ ಏನೂ ಬೇಡ ನಂಗೆ."

ಹೊಸಬರಿಗೆಂದು ಇರುವುದು ಎರಡೇ ಕ್ಲಾರಿನೆಟ್ಟು ಎಂದರು ಮಾಸ್ಟರು. ಅಲ್ಲಿಂದ ಬಸ್ ಸ್ಟಾಪಿನವರೆಗೂ ಅವಳ ಬೆರಳುಗಳು ಗಾಳಿಯಲ್ಲಿ ಇಲ್ಲದ ತೂತುಗಳನ್ನು ಮುಚ್ಚಿ ತೆಗೆಯುತ್ತಿದ್ದವು.

ಭಾನುವಾರ ಭಾವನ ಮನೆಯಲ್ಲಿ ಫಾರಂ ತುಂಬುವ ಸಮಾರಂಭ. ಮಗಳು ಮೊದಲ ಸಾಲಿನಲ್ಲಿ ಕ್ಲಾರಿನೆಟ್ ಎಂದು ಬರೆಯಲು ಹೊರಟಳು. ಭಾವ ಹಾಳೆಯ ಮೇಲೆ ಕೈಯಿಟ್ಟರು.

"ತಡಿ ಪುಟ್ಟಿ. ಬೇಕಾದ್ದನ್ನ ಯಾರಾದ್ರೂ ಮೊದಲು ಬರೀತಾರೇನೇ? ಕೆಲಸಕ್ಕೆ ಸೇರುವಾಗ ನಾನು ಬೆಂಗಳೂರು ಮೊದಲು, ಮೈಸೂರು ಎರಡು ಅಂತ ಬರೆದೆ. ಜಾಗ ಖಾಲಿ ಬಿಡಬಾರದಲ್ಲ ಅಂತ ಮೂರನೆಯದು ದೆಹಲಿ. ಸಿಕ್ಕಿದ್ದೇನು?"

"ದಿಲ್ಲಿ" ಎಂದಳು ಮಗಳು.

"ಈ ಕ್ವಾರ್ಟರ್ಸಿಗೆ ನೆಲಮಹಡಿ ಮೊದಲು, ಮೊದಲನೇ ಮಹಡಿ ಎರಡು, ಎರಡನೇ ಮಹಡಿ ಮೂರು. ಈಗ ಎಲ್ಲಿ ಕೂತಿದೀಯ?"

"ಎರಡನೇ ಮಹಡೀಲಿ."

"ಅಚ್ಛಾ! ಕೊಡೋರ ಕಣ್ಣು ಯಾವತ್ತೂ ಮೂರನೇ ಸಾಲಿನ ಮೇಲೆ."

ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಇವರು ಹೆಣ್ಣು ನೋಡೋಕೆ ಹೊರಟಾಗಲೂ ನಾನು ಮೂರನೆಯವಳೇ ಕಣೋ!"

"ಅದು ಬೇರೆ ಫೈಲು" ಎಂದರು ಭಾವ, ತಲೆಯೆತ್ತದೆ.

ಮಗಳು ನನ್ನ ಮುಖ ನೋಡಿದಳು. ಮೋಟಾರಿನ ಮುಂದೆ ಯಾರನ್ನೂ ಲೆಕ್ಕಕ್ಕಿಡದ ನಾನು ಫಾರಂ ಮುಂದೆ ಕೂತರೆ ಒಂಬತ್ತನೆಯ ಕ್ಲಾಸಿನ ಹುಡುಗನೇ ಆಗುತ್ತೇನೆ. ಭಾವ ಮೂವತ್ತು ವರ್ಷ ಫಾರಂಗಳ ನಡುವೆ ಬದುಕಿದವರು. "ಮಾವ ಹೇಳಿದ ಹಾಗೆ ಬರಿ" ಎಂದೆ. ಯಾರೂ ಕೇಳದ, ಕೇಳಿದರೂ ಚಿಕ್ಕ ಮಕ್ಕಳ ಕೈಗೆ ಕೊಡದಂಥ ವಾದ್ಯವೆಂದು ಮೊದಲನೆಯದು ಯೂಫೋನಿಯಂ. ಎರಡನೆಯದು ಟ್ರಂಬೋನ್. ಮೂರನೆಯದು, ಸ್ಪಷ್ಟ ಅಕ್ಷರಗಳಲ್ಲಿ, ಕ್ಲಾರಿನೆಟ್.

ಬುಧವಾರ ಮಾಸ್ಟರು ಎಲ್ಲ ಮಕ್ಕಳನ್ನು ನಿಲ್ಲಿಸಿ ಹೆಸರು ಓದಿದರಂತೆ. ಮೊದಲು ನನ್ನ ಮಗಳ ಹೆಸರು! ತಾವು ಈ ಶಾಲೆಗೆ ಬಂದ ಮೇಲೆ ಯೂಫೋನಿಯಂ ಅನ್ನು ಮೊದಲ ಆಯ್ಕೆಯಾಗಿ ಬರೆದ ಒಂದು ಮಗುವನ್ನೂ ಕಂಡಿರಲಿಲ್ಲ, "ಶಾಬಾಶ್ ಬೇಟಾ" ಎಂದು ಕೈ ಕುಲುಕಿದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಎರಡು ಕ್ಲಾರಿನೆಟ್ಟುಗಳೂ ಅವನ್ನು ಮೊದಲ ಸಾಲಿನಲ್ಲಿ ಬರೆದ ಇಬ್ಬರು ಮಕ್ಕಳ ಪಾಲಾಗಿದ್ದವು.

ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಇ-ರಿಕ್ಷಾ ನಿಂತಿತು. ಅರ್ಧ ಸೀಟು ತುಂಬ ಕಪ್ಪು ಪೆಟ್ಟಿಗೆ, ಉಳಿದದ್ದರಲ್ಲಿ ಮಗಳು. "ಭಯ್ಯಾ, ಇದರೊಳಗೆ ಯಾರಿದ್ದಾರೆ?" ಎಂದು ರಿಕ್ಷಾದವನು ನನ್ನನ್ನೇ ಕೇಳಿದ. ನಾನು ನಕ್ಕೆ. ಮಗಳು ನಗಲಿಲ್ಲ. ಪೆಟ್ಟಿಗೆಯನ್ನು ಪಂಪುಗಳ ನಡುವೆ ಇಟ್ಟು, ತಂತಿಯ ಉರುಳೆಗಳ ಹಿಂದೆ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಬಿಕ್ಕುವುದು ಕೇಳಿಸಿತು.

ಮಾಸ್ಟರಿಗೆ ಫೋನ್ ಮಾಡಿದೆ. ಪಾಪ, ಅವರದೇನು ತಪ್ಪು? ಕ್ಲಾರಿನೆಟ್ಟು ಕೊಟ್ಟಾಗಿದೆ, ಮಕ್ಕಳ ಕೈಯಿಂದ ಕಿತ್ತುಕೊಳ್ಳಲಾಗದು, ಬೇಡವೆಂದರೆ ಮುಂದಿನ ವರ್ಷ ಬರಲಿ ಎಂದರು. ಮಗಳು ಎಲ್ಲವನ್ನೂ ಕೇಳಿಸಿಕೊಂಡಳು.

ನನಗೆ ಭಾವನ ಮೇಲೆ ಅಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ. ಸಂಜೆ ಅಂಗಡಿಯನ್ನು ಬೇಗ ಮುಚ್ಚಿ, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಮಗಳನ್ನು ಹಿಡಿದು ಕ್ವಾರ್ಟರ್ಸಿನ ಮೆಟ್ಟಿಲು ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತು ಜೋಡಿಸಿಕೊಂಡಿದ್ದೆ. ನಿಮ್ಮ ಫೈಲು ನಿಮ್ಮ ಆಫೀಸಿನಲ್ಲಿರಲಿ, ಮಗುವಿನ ಆಸೆಯ ಮೇಲೆ ಯಾಕೆ? ಹೀಗೆ.

ಬಾಗಿಲು ತೆಗೆದ ಭಾವನ ಮುಖ ಅರಳಿತ್ತು. "ಬಂತಾ? ಮೂರನೆಯದು ತಾನೇ?" ಎಂದವರು ಪೆಟ್ಟಿಗೆಯ ಗಾತ್ರ ನೋಡಿದರು. ಕೈ ಬಾಗಿಲ ಮೇಲೆಯೇ ಉಳಿಯಿತು.

ನಾನು ಬಾಯಿ ತೆರೆಯುವ ಮೊದಲೇ ಮಗಳು ನನ್ನನ್ನು ದಾಟಿ ಮುಂದೆ ಬಂದಳು.

"ಮಾವ, ಕ್ಲಾರಿನೆಟ್ ಕೊಡ್ತಾ ಇದ್ರು. ನಾನೇ ಬೇಡ ಅಂದೆ. ಇದು... ಇದು ಜಾಸ್ತಿ ಅಚ್ಛಾ ಇದೆ."

ಅವಳ ಕಣ್ಣು ಇನ್ನೂ ಕೆಂಪಗಿತ್ತು. ನನ್ನ ಮಾತುಗಳೆಲ್ಲ ಮೆಟ್ಟಿಲಿನಲ್ಲೇ ಉಳಿದವು.

"ಅಚ್ಛಾ" ಎಂದರು ಭಾವ, ಬಾಗಿಲಿನಿಂದ ಕೈ ತೆಗೆದು. "ಬಾ, ಊದು ನೋಡೋಣ."

ಅವಳು ಸೋಫಾದ ತುದಿಯಲ್ಲಿ ಕೂತು ಅದನ್ನು ತಬ್ಬಿ ಹಿಡಿದಳು. ಮೊದಲು ಬರೀ ಗಾಳಿ. ಆಮೇಲೆ ತಗ್ಗಿದ ಒಂದು ಸ್ವರ ಬಂತು, ಚೆನ್ನಾಗಿ ಸುತ್ತಿದ ಮೋಟಾರು ಮೊದಲ ಸಲ ತಿರುಗಿದ ಹಾಗೆ. ಅಕ್ಕನ ಸ್ಟೀಲ್ ತಟ್ಟೆಗಳು ಝಣ್ಣೆಂದವು. ಕೆಳಗಿನ ಮನೆಯವರು ಭೂಕಂಪವೇ ಎಂದು ಕೇಳಲು ಬಂದರು!

ಹೊರಡುವಾಗ ಪೆಟ್ಟಿಗೆಯನ್ನು ಭಾವ ನನಗೆ ಕೊಡಲಿಲ್ಲ. ಮಗಳು ಕುಣಿಯುತ್ತ ಮುಂದೆ ಇಳಿದಳು. ಒಂದು ಮಹಡಿ ಇಳಿದು ಭಾವ ನಿಂತರು.

"ಅವಳು ಸುಳ್ಳು ಹೇಳಿದ್ದು ಅಲ್ವೇನೋ?"

ನಾನು ಕೆಳಗೆ, ಮಗಳು ಇಳಿದು ಹೋದ ಕಡೆ ನೋಡಿದೆ.

"ಮೊದಲು ಬರೆದದ್ದನ್ನೇ ಕೊಟ್ಟುಬಿಡೋ ಜಾಗಾನೂ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ ಕಣೋ" ಎಂದರು. ಪೆಟ್ಟಿಗೆಯ ಹಿಡಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಅಭ್ಯಾಸವಿರುವ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅವರು ಆಫೀಸಿಗೆ ಮೊದಲು ನಮ್ಮ ಮನೆಗೆ ಬಂದು ಆ ಪೆಟ್ಟಿಗೆಯನ್ನು ಶಾಲೆಯ ಗೇಟಿನವರೆಗೆ ಹೊರುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಕ್ಲಾರಿನೆಟ್ ಖಾಲಿಯಾದರೆ ಮೊದಲು ಇವಳನ್ನೇ ಕೇಳುತ್ತೇನೆ ಎಂದು ಮಾಸ್ಟರು ಹೇಳಿದ್ದಾರೆ. ಕೇಳಿದರೆ ಏನು ಹೇಳುತ್ತೀ ಎಂದೆ. "ದೇಖೇಂಗೇ, ನೋಡೋಣ" ಎಂದಳು.

ಈಗ ನನಗಿರುವುದು ಇಷ್ಟು: ಮುನಿರ್ಕಾದಲ್ಲಿ ಒಂದು ಅಂಗಡಿ, ತಂತಿ ಸುತ್ತುವ ಎರಡು ಯಂತ್ರ, ಒಬ್ಬಳು ಹೆಂಡತಿ, ಐದು ಸ್ವರ ನುಡಿಸುವ ಒಬ್ಬಳು ಮಗಳು, ಒಬ್ಬಳು ಅಕ್ಕ, ಒಬ್ಬರು ಭಾವ.