ದಾಳ ಒಂದು ಬಿದ್ದು ನಾನು ಸತ್ತದ್ದು

ನಾನು ಸತ್ತದ್ದು ಕಳೆದ ಭಾನುವಾರ ಮಧ್ಯಾಹ್ನ, ಘಟಪ್ರಭಾದ ನಮ್ಮ ಮನೆಯ ಪಡಸಾಲೆಯಲ್ಲಿ, ಹೊಟ್ಟೆತುಂಬ ರೊಟ್ಟಿ ಉಂಡು ಕುಳಿತಿದ್ದಾಗ. ಕೊಂದವನು ನನ್ನ ಹೆಂಡತಿ ಕಾಜಲ್‌ಳ ತಮ್ಮ ಪರಶುರಾಮ. ಸಾಯಲು ಕಳಿಸಿಕೊಟ್ಟವಳು ಸ್ವತಃ ಕಾಜಲ್.

ಹುಕ್ಕೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಈ ಮಹಾಶಯ ಹೊಸ ಆಟವೊಂದನ್ನು ಕಲಿತು ಬಂದಿದ್ದ. ಬೋರ್ಡಿಲ್ಲ, ಎಲೆಯಿಲ್ಲ, ನಿಯಮಗಳಂತೂ ಇಲ್ಲವೆನ್ನುವಷ್ಟು ಕಡಿಮೆ. ಅವನು ಕಥೆ ಹೇಳುತ್ತ ಹೋಗುತ್ತಾನೆ, ನಾವು ಕಥೆಯೊಳಗಿನ ಜನರಾಗಿ ಏನು ಮಾಡುತ್ತೇವೆಂದು ಹೇಳಬೇಕು. ಅಪಾಯದ ಕೆಲಸವಾದರೆ ದಾಳ ಹಾಕಬೇಕು. ಒಂದು ಬಿದ್ದರೆ ಕೆಟ್ಟಿತು. ನಮ್ಮ ಕಥೆ ನಡೆಯುವುದು ನಕ್ಷತ್ರಗಳ ನಡುವೆ ಸಾಗುವ ನೌಕೆಯಲ್ಲಿ. ಕಾಜಲ್ ತಕ್ಷಣ ನೌಕಾಧಿಪತಿಯಾದಳು (ಮನೆಯಲ್ಲಿ ಇರುವ ಹುದ್ದೆಯೇ). ನನ್ನ ಅವ್ವ ಫಕೀರವ್ವ ಕುರಿ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದು ಹಿಂಡನ್ನೇ ನೌಕೆ ಹತ್ತಿಸಿದಳು. ಆಟದೊಳಗೆ ನಿಮಗೊಂದು ಬೇರೆ ಹೆಸರು ಇಟ್ಟುಕೊಳ್ಳಿ ಎಂದು ಪರಶುರಾಮ ಹೇಳಿದರೆ, ಅದನ್ನು ನೆನಪಿಡುವವರು ಯಾರು ಎಂದು ನಾನು ಸದಾಶಿವನಾಗಿಯೇ ಉಳಿದೆ. ನನ್ನ ಗ್ರಹಚಾರ ಶುರುವಾದದ್ದು ಅಲ್ಲೇ.

"ನೌಕಾದ ಹೊರಗ ಏನೋ ಕೆರೆಯಾಕತ್ತೈತಿ," ಎಂದ ಪರಶುರಾಮ ದನಿ ತಗ್ಗಿಸಿ. "ಯಾರರ ಹೋಗಿ ನೋಡಬೇಕು."

"ನೀವ ಹೋಗ್ರಿ," ಎಂದು ಕಾಜಲ್ ನನ್ನತ್ತ ತಿರುಗಿದಳು.

"ನಾ ಯಾಕ? ನನಗ ಕತ್ತಲಂದ್ರ ಅಂಜಿಕಿ."

"ಹಾಡಹಗಲ ಮನ್ಯಾಗ ಕುಂತ ಎಂಥಾ ಅಂಜಿಕಿರಿ? ಹಗ್ಗ ಕಟ್ಕೊಂಡ ಹೋಗ್ರಿ!"

ಹಗ್ಗ ಕಟ್ಟಿಕೊಂಡೆನೆಂದು ಹೇಳಿ ದಾಳ ಹಾಕಿದೆ. ಒಂದು ಬಿತ್ತು.

"ಹಗ್ಗ ಹರೀತು. ಸದಾಶಿವ ಸತ್ತ," ಎಂದ ಪರಶುರಾಮ.

ಅವ್ವನ ಮುಖ ಬಿಳುಚಿತು. "ಹೆಸರ ಹಿಡದು, ತುಂಬಿದ ಮನ್ಯಾಗ ಕುಂತು, ಸತ್ತ ಅಂದ್ಯಲ್ಲೋ!"

ಇದು ತಲೆಯ ಮೇಲೆ ಕಾಗೆ ಕುಳಿತದ್ದಕ್ಕಿಂತ ದೊಡ್ಡ ಅಪಶಕುನವಂತೆ. ಪರಿಹಾರ ಮಾತ್ರ ಕಾಗೆ ಕುಳಿತಾಗ ಮಾಡುವುದೇ. ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು, ಅವರು ಅತ್ತರೆ ಗಂಡಾಂತರ ಕಳೆಯುತ್ತದೆ.

"ಯಾರೂ ಅಳಲಿಲ್ಲ ಅಂದ್ರ?" ಎಂದು ಕೇಳಿದೆ. ಅವ್ವ ಕಣ್ಣೊರೆಸಿಕೊಂಡಳು. ಮನೆಯವರ ಕಣ್ಣೀರು ನಡೆಯುವುದಿಲ್ಲವಂತೆ, ಹೊರಗಿನವರೇ ಮನಸಾರೆ ಅಳಬೇಕಂತೆ. ಇಂಥದ್ದನ್ನೆಲ್ಲ ನಾನು ನಂಬುವವನಲ್ಲ (ನಂಬದೆ ಇರುವ ಧೈರ್ಯವೂ ನನಗಿಲ್ಲ). ನಾನೇ ಫೋನು ತಂದು ಅವ್ವನ ಕೈಗೆ ಕೊಟ್ಟೆ.

ಮೊದಲ ಫೋನು ಯಮಕನಮರಡಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಗೌರಕ್ಕನಿಗೆ. "ಸದಾಶಿವ ಹೋದ ಯವ್ವಾ!" ಎಂದು ಅವ್ವ ಗೋಳಿಟ್ಟಳು. ಆ ಕಡೆಯಿಂದ ಕಿಸಕ್ಕನೆ ನಗು ಕೇಳಿಸಿತು. "ಯಾವ ಕಾಗಿ ಕುಂತಿತ್ತಬೇ ಅವನ ತಲಿ ಮ್ಯಾಲ?"

ಎಲ್ಲರಿಗೂ ಈ ಉಪಾಯ ಗೊತ್ತಿದ್ದರೆ ನನ್ನಂಥವರು ಬದುಕುವುದು ಹೇಗೆ? ಹೆಂಡತಿಯೇ ಹೇಳಿದರೆ ಯಾರೂ ಸುಳ್ಳೆನ್ನುವುದಿಲ್ಲವೆಂದು ಕಾಜಲ್ ಮೂಡಲಗಿಯ ತನ್ನ ತಾಯಿ ಕಾಶೆವ್ವನಿಗೆ ಫೋನು ಹಚ್ಚಿದಳು. "ಯವ್ವಾ, ಇವರು ಹೋಗಿಬಿಟ್ರಬೇ!"

ನಾನು ಮನೆದೇವರನ್ನು ನೆನೆಯುತ್ತ ಸ್ಪೀಕರಿಗೆ ಕಿವಿ ಹಚ್ಚಿದೆ.

"ಖರೇನ?" ಎಂದರು ಅತ್ತೆ.

"ಖರೇನಬೇ."

"ಆತು ಬಿಡು, ದೇವರ ಇಚ್ಛಾ. ನಿನ್ನ ಅರಿವಿ ಗಂಟ ಕಟ್ಟು, ಟೆಂಪೋ ಕಳಸ್ತೇನಿ."

ಒಂದು ಬಿಕ್ಕೂ ಇಲ್ಲ. ಇನ್ನು ನನ್ನ ಕಥೆ ಮುಗಿಯಿತೆಂದು ಗೋಡೆ ಹಿಡಿದುಕೊಂಡೆ. ಕಾಜಲ್‌ಗೂ ನಾಚಿಕೆಯಾಗಿರಬೇಕು. "ಸುಳ್ಳ ಹೇಳಿದ್ನಿಬೇ. ಗಟ್ಟಿಮುಟ್ಟ ಅದಾರ, ಇಲ್ಲೇ ಬಾಜೂಕ ನಿಂತಾರ," ಎಂದಳು.

ಆಗ ಕೇಳಬೇಕಿತ್ತು ಫೋನಿನಲ್ಲಿ ಭೋರೆನ್ನುವ ಅಳು. "ಅಯ್ಯಯ್ಯ ನನ್ನ ಮಗಳ! ಏನ ನಿನ್ನ ಹಣೇಬಾರಬೇ!"

"ಅತ್ತಳಪಾ ಬೀಗತಿ, ಮನಸಾರೆ ಅತ್ತಳು! ಇನ್ನ ನೂರ ವರ್ಷ ಚಿಂತಿಲ್ಲ!" ಎಂದು ಅವ್ವ ಹಿಗ್ಗಿ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಅತ್ತೆಯ ಅಳು ಮಾತ್ರ ಇನ್ನೂ ನಿಂತಿರಲಿಲ್ಲ.