ಕತ್ತರಿಗೆ ಸಿಕ್ಕ ರೊಟ್ಟಿ ಸಪ್ಪಳ

ಸದ್ದು ಕಡಿಮೆ ಮಾಡಲು ನಾನು ಕುಳಿತಾಗಲೆಲ್ಲ ಏನಾದರೊಂದು ಗದ್ದಲ ಆಗಿಯೇ ತೀರುತ್ತದೆ. ಕಾನ್ವೆಂಟಿನಲ್ಲಿ ಓದಿ, ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ವಾರ್ಡಿನಲ್ಲಿ ಚಮಚ ಬಿದ್ದರೂ ಯಾರ ಕೈಯಿಂದ ಎಂದು ವಿಚಾರಿಸುತ್ತಿದ್ದೆ. ನಮ್ಮ ಮಹಿಳಾ ಬಳಗದವರು ಮನೆಗೆಲಸದ ಹೆಂಗಸರಿಗಾಗಿ ವಾರಕ್ಕೊಂದು ಪಾಡ್‌ಕಾಸ್ಟ್ ಶುರುಮಾಡಿದಾಗ ಎಡಿಟಿಂಗ್ ನನ್ನ ಪಾಲಿಗೆ ಬಂದದ್ದು ಹೀಗೆ. ಕೆಮ್ಮು, ಏದುಸಿರು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲ ತೆಗೆದು, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಮಾತನ್ನು ಕೇಳುಗರ ಕೈಗೆ ಕೊಡಬೇಕು ಎಂಬುದು ನನ್ನ ನಿಯಮ.

ಮಾತಾಡುವವಳು ನಮ್ಮ ಮನೆಯ ಅಡುಗೆಯಾಕೆ. ರಾಯಚೂರು ಕಡೆಯವಳು, ಕಗ್ಗದಾಸಪುರದಲ್ಲಿ ಬಾಡಿಗೆ ರೂಮು. ಹೇಳದೆ ಕೇಳದೆ ಗಂಡನೊಂದಿಗೆ ಬೆಂಗಳೂರಿನ ಬಸ್ಸು ಹತ್ತಿದಳೆಂದು ಅವಳ ತಾಯಿ ಮಾತು ಬಿಟ್ಟಿದ್ದರು.

“ಎರಡು ವರ್ಸ ಆತ್ರಿ ಅಮ್ಮಾರ. ಫೋನ್ ಮಾಡಿದ್ರ ತಮ್ಮನ ಹೆಂಡ್ತಿ ಕೈಯಾಗ ಕೊಟ್ಟು ಎದ್ದು ಹೋಗ್ತಾಳ. ಈ ಪಾಡ್‌ಕಾಸ್ಟ್ ಆದ್ರ ತಮ್ಮನ ಹೆಂಡ್ತಿ ಆಕಿಗೆ ಹಚ್ಚಿ ಕೇಳಸ್ತಾಳಂತ. ನನ್ನ ದನಿ ಕೇಳಿ ಕೇಳಿ ಒಂದಿನ ಮಾತಾಡ್ಯಾಳು.”

“ಹಾಗಾದರೆ ದನಿ ಸ್ವಚ್ಛವಾಗಿರಬೇಕು,” ಎಂದೆ. ಮುಂದೆ ಆದದ್ದಕ್ಕೆಲ್ಲ ಆ ಮಾತೇ ಮೂಲ.

ಒಂದು ಗಂಟೆ ಮೌನ

ಸರ್ವಜ್ಞನಗರದ ನಮ್ಮ ಬೀದಿ ಶಾಂತವಾದದ್ದೇ. ಆದರೆ ಮೈಕಿನ ಕಿವಿ ಬಲು ಚುರುಕು. ಬೇಕರಿಯ ರೇಡಿಯೊ, ಎದುರು ಮನೆಯ ಮಿಕ್ಸಿ ಯಾವುದನ್ನೂ ಬಿಡುವುದಿಲ್ಲ. ಮೊದಲ ರೆಕಾರ್ಡಿಂಗಿನ ಹಿಂದಿನ ದಿನ ಬಿಳಿ ಕಾಗದದಲ್ಲಿ ದುಂಡಗೆ ಬರೆದು ನೆರೆಹೊರೆಗೆಲ್ಲ ಹಂಚಿದೆ: “ನಾಳೆ ಬೆಳಿಗ್ಗೆ ಹತ್ತಕ್ಕೆ, ನಮ್ಮ ಮನೆಯಲ್ಲಿ. ದಯವಿಟ್ಟು ಒಂದು ಗಂಟೆ ಮೌನವಾಗಿರಿ.” ಏತಕ್ಕೆ ಎಂದು ಬರೆಯಲಿಲ್ಲ. ಮನೆಯ ವಿಷಯವನ್ನು ಬೀದಿಗೆಲ್ಲ ಹೇಳುವ ಅಭ್ಯಾಸ ನನಗಿಲ್ಲ.

ಹತ್ತು ಗಂಟೆಗೆ ಬೀದಿಯಲ್ಲಿ ಒಂದು ಕಾಗೆಯೂ ಕೂಗಲಿಲ್ಲ. ನನಗೆ ಹೆಮ್ಮೆಯೆನಿಸಿತು. ಅಷ್ಟರಲ್ಲಿ ಗೇಟು ಕಿರ್ ಎಂದಿತು. ಬೇಕರಿಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಹಿಂದೆ ಎದುರು ಮನೆಯ ತಮಿಳು ಅಜ್ಜಿ, ತೋಳಿನ ಮೇಲೆ ಶಿವಾಜಿನಗರದಿಂದ ತರಿಸಿದ ದೊಡ್ಡ ಹಾರ.

“ಅಯ್ಯೋ ಕಡವುಳೇ, ನೀವು ಇದೀರಾ!” ಎಂದರು ಅಜ್ಜಿ. “ಹಾಗಾದ್ರೆ ಹೋಗಿದ್ದು ಯಾರು?”

“ಯಾರೂ ಹೋಗಿಲ್ಲ. ರೆಕಾರ್ಡಿಂಗ್.”

ಅಜ್ಜಿ ಹಾರವನ್ನು ನೋಡಿದರು, ನನ್ನನ್ನು ನೋಡಿದರು. “ತಂದ ಹೂವು ವಾಪಸ್ ತಗೊಂಡ್ಹೋಗಬಾರದಮ್ಮ. ಫ್ರಿಜ್ಜಲ್ಲಿ ಇಟ್ಕೊಳ್ಳಿ.”

ಎಡಕಿವಿ, ಬಲಕಿವಿ

ಇಬ್ಬರು ಮಾತಾಡುವಾಗ ಒಬ್ಬರ ದನಿಯನ್ನು ಎಡಕಿವಿಗೂ ಇನ್ನೊಬ್ಬರದನ್ನು ಬಲಕಿವಿಗೂ ಕೊಟ್ಟರೆ, ಕೇಳುವವರಿಗೆ ಅವರ ನಡುವೆ ತಾವೇ ಕುಳಿತಂತೆ ಅನಿಸುತ್ತದೆಂದು ಎಲ್ಲೋ ಓದಿದೆ. ಹಲಸೂರಿನ ಡಾಕ್ಟರಮ್ಮ ಒಬ್ಬರು ಮಕ್ಕಳ ಜ್ವರದ ಬಗ್ಗೆ ಮಾತಾಡಲು ಬಂದಾಗ ಹಾಗೇ ಮಾಡಿದೆ. ಅಡುಗೆಯಾಕೆಯ ಪ್ರಶ್ನೆ ಎಡಕ್ಕೆ, ಡಾಕ್ಟರಮ್ಮನ ಉತ್ತರ ಬಲಕ್ಕೆ. ಬಹಳ ಸೊಗಸಾಗಿತ್ತು.

ನಮ್ಮ ಕೇಳುಗರು ಪಾತ್ರೆ ತೊಳೆಯುತ್ತ ಕೇಳುತ್ತಾರೆ, ಮನೆಯವರು ಕರೆದರೆ ತಿಳಿಯಲೆಂದು ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

ಮರುದಿನ ಅಡುಗೆಯಾಕೆ ತನ್ನ ವಠಾರದ ದೂರುಗಳನ್ನು ಹೊತ್ತು ತಂದಳು. ಎಡಕಿವಿಯವರು, “ನೀ ಅಷ್ಟು ಕೇಳಿದ್ರೂ ಡಾಕ್ಟರಮ್ಮ ತುಟಿ ಬಿಚ್ಚಲಿಲ್ಲ, ಏನ್ ಸೊಕ್ಕವಾ,” ಎಂದರಂತೆ. ಬಲಕಿವಿಯವರು, “ಪಾಪ, ಆಯಮ್ಮ ತನ್ನಷ್ಟಕ್ಕೆ ತಾನೇ ಮಾತಾಡಿ ನಗ್ತಿದ್ಲು, ಆಕಿಗೇ ಜ್ವರ ಇರಬೇಕು,” ಎಂದರಂತೆ.

“ಒಬ್ಬರಿಗೂ ಸರಿಯಾಗಿ ಕೇಳಲಿಲ್ಲವೇ?” ಎಂದೆ.

“ಬಾಜೂ ರೂಮಿನ ಅಕ್ಕ ತಂಗಿಗೆ ಏನೂ ತ್ರಾಸ ಆಗಿಲ್ರಿ. ಇಬ್ಬರಿಗೂ ಸೇರಿ ಒಂದ ಇಯರ್‌ಫೋನು. ಅಕ್ಕ ಪ್ರಶ್ನೆ ಹೇಳ್ತಿದ್ಲಂತ, ತಂಗಿ ಉತ್ತರ ಹೇಳ್ತಿದ್ಲಂತ.”

ಊರಿನಿಂದ ಮಾತ್ರ ಆ ವಾರವೂ ಫೋನು ಬರಲಿಲ್ಲ.

ವಿಮಾನಪುರದವರು

ವಿಮಾನದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮಿಕ್ಸಿ ರಿಪೇರಿ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮಾತಿಗೊಂದು “ಏನಪ್ಪಾ ಅಂದ್ರೆ”. ಎಲ್ಲ ತೆಗೆದ ಮೇಲೆ ಹನ್ನೊಂದು ನಿಮಿಷ ಉಳಿಯಿತು. ಸಿಟ್ಟಾಗುತ್ತಾರೇನೋ ಎಂದು ಹೆದರಿದ್ದೆ. ಅವರು ಕೇಳಿ, “ನಾನು ಇಷ್ಟು ಬುದ್ಧಿವಂತ ಅಂತ ನನಗೇ ಗೊತ್ತಿರ್ಲಿಲ್ಲ!” ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ಮೆಲ್ಲಗೆ ನನ್ನ ಕೈ ಹಿಡಿದರು: “ಮೇಡಂ, ಇವ್ರನ್ನ ಇನ್ನೊಂದೆರಡು ದಿನ ನಿಮ್ಮ ಕಂಪ್ಯೂಟರ್‌ನಲ್ಲೇ ಇಟ್ಕೊಳ್ರಿ.”

ಪಟ ಪಟ

ಆಮೇಲಿನ ವಾರ ಅಡುಗೆಯಾಕೆಯೇ ಕೇಳಿದಳು. “ಜೋಳದ ರೊಟ್ಟಿ ಮಾಡೋದು ಹೇಳ್ತೀನ್ರಿ ಅಮ್ಮಾರ. ನಮ್ಮವ್ವನ ಕೈ ರೊಟ್ಟಿ ಅಂದ್ರ ಊರಾಗ ದೊಡ್ಡ ಹೆಸರು. ಆಕಿನ ಕಲಿಸಿದ್ದು ಅಂತ ಹೇಳ್ತೀನಿ.” ಅವಳ ಕಣ್ಣು ನೋಡಿ ಒಪ್ಪಿದೆ.

ನಮ್ಮ ಮನೆಯಲ್ಲಿ ನಡೆಯುವುದು ಬ್ರೆಡ್ಡು, ಚಪಾತಿ. ರೊಟ್ಟಿ ಹೇಗೆ ಮಾಡುತ್ತಾರೆಂದು ನಾನು ನೋಡಿದವಳಲ್ಲ. ಅವಳು ಅಡುಗೆಮನೆಯಲ್ಲಿ ಮಾಡುತ್ತ ಹೇಳಿದಳು. ನಾನು ಮೈಕನ್ನು ಅವಳ ಪಕ್ಕದಲ್ಲಿಟ್ಟು, ಬಾಗಿಲು ಮುಚ್ಚಿ ಊಟದ ಮನೆಯಲ್ಲಿ ಕುಳಿತು ರೆಕಾರ್ಡ್ ಮಾಡಿದೆ. ಆಮೇಲೆ ಕೇಳಿದರೆ, ಪ್ರತಿ ಮಾತಿನ ಮೇಲೂ ಪಟ ಪಟ ಪಟ ಎಂದು ಯಾರೋ ಬಾಗಿಲು ಬಡಿದಂತೆ. ಎರಡು ದಿನ ಕುಳಿತು ಒಂದೊಂದನ್ನೂ ತೆಗೆದೆ. ಕೊನೆಗೆ ಅವಳ ದನಿ ವಾರ್ತೆ ಓದಿದಷ್ಟು ಸ್ವಚ್ಛವಾಯಿತು. ನನ್ನ ಅತ್ಯುತ್ತಮ ಕೆಲಸ ಎಂದುಕೊಂಡೇ ಕಳಿಸಿದೆ.

ಮರುದಿನ ಬೆಳಿಗ್ಗೆ ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಾಗ ಫೋನು ಬಂತು. “ಹಲೋ” ಎಂದವಳೇ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. “ಅವ್ವಾ?”

ಆ ಕಡೆಯ ದನಿ ನನಗೂ ಚೆನ್ನಾಗಿಯೇ ಕೇಳಿಸಿತು.

“ಏನವಾ ನಿನಗ ಬಂದಿರೋ ರೋಗ? ರೊಟ್ಟಿ ಬಡದ ಸಪ್ಪಳಾನ ಇಲ್ಲ! ಬೆಂಗಳೂರಿಗೆ ಹೋಗಿ ಲಟ್ಟಣಿಗೀಲೆ ಲಟ್ಟಸಾಕ ಕಲ್ತೀಯೇನು? ಅದರ ಮ್ಯಾಲ ನಮ್ಮವ್ವ ಕಲಿಸ್ಯಾಳ ಅಂತ ಬ್ಯಾರೆ ಹೇಳ್ತಿ! ಓಣಿ ಮಂದಿ ಎಲ್ಲಾ ಕೇಳ್ಯಾರ. ನನ್ನ ಮಾನ ತಗದೆಲ್ಲ!”

ಅವಳು ಅಳುತ್ತಲೇ ನಗುತ್ತಿದ್ದಳು. “ಇಲ್ಲವ್ವಾ, ಬಡದೀನಿ. ನಮ್ಮ ಅಮ್ಮಾರು ಕತ್ತರಿಸ್ಯಾರವ್ವಾ.”

“ರೊಟ್ಟಿ ಸಪ್ಪಳ ಕತ್ತರಸತಾರ? ಎಂಥಾ ಹೆಂಗಸವಾ ಆಕಿ?”

ಸರ್ವೀಸಿನಲ್ಲಿ ಒಮ್ಮೆಯೂ ಯಾರೆದುರೂ ತಪ್ಪೊಪ್ಪಿಕೊಂಡವಳಲ್ಲ ನಾನು. ಫೋನು ತೆಗೆದುಕೊಂಡೆ. “ತಪ್ಪು ನನ್ನದು. ಇವತ್ತೇ ಸರಿಮಾಡಿ ಕಳಿಸುತ್ತೇನೆ.”

“ಕಳಸ್ರಿ. ಕೇಳಿ ನೋಡತೀನಿ,” ಎಂದು ಫೋನಿಟ್ಟರು.

ಒಂದು ಕೆಮ್ಮನ್ನೂ ತೆಗೆಯದೆ, ಮೂಲದಲ್ಲಿ ಹೇಗಿತ್ತೋ ಹಾಗೇ ಕಳಿಸಿದೆ. ಮಧ್ಯಾಹ್ನ ಮತ್ತೆ ಫೋನು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ನಾನೇ ಸ್ಪೀಕರ್ ಒತ್ತಿದೆ.

“ಕೇಳಿದೆ. ಬಡಿಯೋದು ಮರತಿಲ್ಲ ನೀ.” ಆಮೇಲೆ ಕೇಳಿದರು: “ಎರಡನೇ ರೊಟ್ಟಿ ಬಡಿಯೋವಾಗ ಹರೀತಲ್ಲ?”

ನಾನು ಹೆಡ್‌ಫೋನ್ ಹಾಕಿಕೊಂಡು ಆ ಜಾಗವನ್ನು ಮೂರು ಸಲ ಕೇಳಿದೆ. ಪಟ ಪಟ ಬಿಟ್ಟು ನನಗೇನೂ ತಿಳಿಯಲಿಲ್ಲ. ಅವಳತ್ತ ನೋಡಿದೆ. ತಲೆ ತಗ್ಗಿಸಿದಳು.

“ಹರೀತ್ರಿ ಅಮ್ಮಾರ. ಅದನ್ನ ಮುರದು ಮೊಸರಾಗ ಕಲಸಿ ನಿಮಗ ಕೊಟ್ಟೆ. ನಮ್ಮ ಕಡೆ ಹಿಂಗ ತಿಂತಾರ ಅಂತ ಹೇಳಿದ್ನೆಲ್ರಿ.”

ಹೇಳಿದ್ದಳು. ನಾನು ಹೊಗಳಿ, ಬಳಗದ ಸಭೆಯಲ್ಲಿ ಅದರ ವಿವರಣೆಯನ್ನೂ ಕೊಟ್ಟಿದ್ದೆ.

“ಹರದ ರೊಟ್ಟಿ ಮಂದಿಗೆ ತಿನಸೀಯೇನು?” ಸ್ಪೀಕರ್ ಗುಡುಗಿತು. “ಹಬ್ಬಕ್ಕ ಬಾ ನೀ, ಕುಂದರಿಸಿ ಕಲಿಸತೀನಿ. ಬರೋವಾಗ ಆ ಅಮ್ಮಾರನ್ನೂ ಕರಕೊಂಡ ಬಾ. ಪಾಪ, ಒಂದಾರ ಇಡೀ ರೊಟ್ಟಿ ತಿನ್ನಲಿ.”