ಕ್ರ್ಯಾಂಕಿನ ಮೇಲೆ ನನ್ನ ಹೆಸರು

ಒಬ್ಬ ಮನುಷ್ಯನನ್ನು ಕಂಡ ಐದು ನಿಮಿಷದಲ್ಲಿ ಅವನು ಪ್ರಾಮಾಣಿಕನೋ ಅಲ್ಲವೋ ಎಂದು ಹೇಳಬಲ್ಲೆ ಎಂಬ ನಂಬಿಕೆ ನನಗಿತ್ತು. ಮುಂಬಯಿಯ ಪರೇಲಿನ ಒಂದು ಆಫೀಸಿನಲ್ಲಿ ಹತ್ತು ವರ್ಷ ಕೂತು ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿದವನಿಗೆ ಇಂಥ ನಂಬಿಕೆ ಬರುವುದು ಸಹಜ. ಹೀಗಾಗಿ ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ಭಾನುವಾರ, ನನ್ನ ಹೆಂಡತಿಯ ತಮ್ಮ ಬಸವರಾಜ ಸಯನ್‌ನ ನಮ್ಮ ಮನೆಗೆ ಬಂದು ಮುಖ ಸಣ್ಣದು ಮಾಡಿಕೊಂಡು ಕೂತಾಗ, ನಾನು ಪೇಪರು ಮಡಚಿಟ್ಟು ಅವನ ಉದ್ಧಾರಕ್ಕೆ ಸಿದ್ಧನಾದೆ.

ಬಸವರಾಜನಿಗೆ ಒಂದು ಹಳೆಯ ಲಾರಿ ಇತ್ತು. ಮುಲುಂಡ್‌ನಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಇಟ್ಟಿಗೆ, ಮರಳು ಹೊರುವುದು ಅದರ ಕೆಲಸ. ಈಚೆಗೆ ಅದು ಡೀಸೆಲ್ಲಿಗಿಂತ ಹೆಚ್ಚು ಎಂಜಿನ್ ಎಣ್ಣೆ ಕುಡಿಯುತ್ತಿತ್ತು. ಅದು ಬಿಡುವ ಹೊಗೆಗೆ ಹಿಂದಿನ ಬಸ್ಸಿನ ಡ್ರೈವರುಗಳು ಹಾಡಹಗಲೇ ದೀಪ ಹಚ್ಚುತ್ತಿದ್ದರಂತೆ.

"ಮಾಮಾ, ಇಂಜಿನ್ ಪೂರಾ ಬಿಚ್ಚಿ ಕಟ್ಟಬೇಕಂತ," ಎಂದ ಬಸವರಾಜ. "ಹದಿನೈದು ದಿನದಾಗ ಗಾಡಿ ರೋಡಿಗೆ ಬರಲಿಲ್ಲಂದ್ರ ಬಿಲ್ಡರ್ ಬ್ಯಾರೆಯವರ ಗಾಡಿ ಹಚ್ತಾನ. ನಂಬಿಗಸ್ಥ ವರ್ಕಶಾಪ್ ಒಂದು ಬೇಕಾಗೇತಿ. ಹಿಂದಿನ ಸಲ ರಿಪೇರಿ ಮಾಡಿದಾವ ನಮ್ಮ ಛಲೋ ಸಾಮಾನ ತಗದಿಟ್ಕೊಂಡು ಗುಜರಿ ಸಾಮಾನ ಕೂಡಿಸಿ ಕಳಿಸಿದ."

"ಅದನ್ನ ನನಗ ಬಿಡು," ಎಂದೆ.

ಅಡಿಗೆಮನೆಯಿಂದ ನನ್ನ ಹೆಂಡತಿ ಸುಮಿತ್ರಾಳ ದನಿ ಬಂತು. "ಹೋದ ತಿಂಗಳ ಇವರು ನಂಬಿಗಸ್ಥ ಅಂತ ಕರ್ಕೊಂಡ ಬಂದ ಬಡಗಿ ಎರಡು ಕುರ್ಚಿ ಒಯ್ದಾವ ಇನ್ನೂ ಬಂದಿಲ್ಲ ನೋಡು, ಬಸ್ಯಾ."

ಕುರ್ಚಿಯ ವಿಷಯ ಪ್ರಸ್ತುತ ಚರ್ಚೆಗೆ ಸಂಬಂಧಿಸಿದ್ದಲ್ಲ ಎಂದು ನಾನು ಸ್ಪಷ್ಟಪಡಿಸಿದೆ.

ಪ್ರಾಮಾಣಿಕತೆಯನ್ನು ಅಳೆಯಲು ಒಂದು ಪರೀಕ್ಷೆ ಬೇಕಿತ್ತು. ಒಳ್ಳೆಯ ವಸ್ತುವನ್ನು ತೋರಿಸಿ "ಇದು ಕೆಟ್ಟಿದೆಯೇ?" ಎಂದು ಕೇಳಬೇಕು. ಕೆಟ್ಟಿದೆ ಎಂದವನು ಮೋಸಗಾರ. ಆದರೆ ನನ್ನ ಬಳಿ ಎಂಜಿನ್ನಿನ ಭಾಗ ಯಾವುದೂ ಇರಲಿಲ್ಲ. ಮರುದಿನ ಆಫೀಸಿಗೆ ಹೊರಟಾಗ, ಮನೆಯಲ್ಲಿ ಏಲಕ್ಕಿ ಕುಟ್ಟುವ ಕಬ್ಬಿಣದ ಕಲಬತ್ತದಿಂದ ಕುಟ್ಟುವ ಗುಂಡನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಪರೇಲಿನ ಮೊದಲ ಅಂಗಡಿಯಲ್ಲಿ ಗೋಡೆಯ ತುಂಬ ದೇವರ ಪಟಗಳು, ಊದುಬತ್ತಿಯ ಪರಿಮಳ. ಮಾಲೀಕ ಗುಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಳತೆ ಹಿಡಿದು, ನಿಟ್ಟುಸಿರುಬಿಟ್ಟ. "ಸಾಹೇಬ್, ಯೇ ತೋ ಪೂರಾ ಘಿಸ್ ಗಯಾ. ಬದಲ್ನಾ ಪಡೇಗಾ," ಎಂದ. ಪೂರ್ತಿ ಸವೆದಿದೆಯಂತೆ, ಬದಲಿಸಬೇಕಂತೆ. ಎರಡನೆಯ ಅಂಗಡಿಯವನು ಇನ್ನೂ ಬುದ್ಧಿವಂತ. ಇದೊಂದನ್ನೇ ರಿಪೇರಿ ಮಾಡಿದರೆ ಎಂಜಿನ್ ನಡುಗುತ್ತದೆ, ಉಳಿದ ಮೂರನ್ನೂ ತನ್ನಿ ಎಂದ.

ಮನೆಯಲ್ಲಿ ಸುಮಿತ್ರಾ ಎರಡು ದಿನದಿಂದ ಕೇಳುತ್ತಿದ್ದಳು. "ಕಲಬತ್ತದ ಗುಂಡು ಎಲ್ಲೈತ್ರಿ?"

"ತಪಾಸಣಾದಾಗ ಐತಿ," ಎಂದೆ.

ಮೂರನೆಯ ದಿನ ಕುರ್ಲಾದ ಒಂದು ಓಣಿಯಲ್ಲಿ, ತಗಡಿನ ಚಪ್ಪರದ ಕೆಳಗೆ ದಸ್ತಗೀರ್ ಸಾಬರು ಸಿಕ್ಕರು. ಒಬ್ಬರೇ ಮನುಷ್ಯ, ಎರಡು ಹಳೆಯ ಮಷಿನ್ನು. ಗಿರಾಕಿಗೆ ಕೂರಲು ಒಂದು ಸ್ಟೂಲೂ ಇಲ್ಲ. ನಾನು ಗುಂಡನ್ನು ಮುಂದೆ ಹಿಡಿದು ಹಿಂದಿಯಲ್ಲಿ ಏನೋ ಕೇಳಿದೆ. ನನ್ನ ಹಿಂದಿಯಿಂದಲೇ ನನ್ನ ಸೀಮೆಯನ್ನು ಗುರುತಿಸಿದ ಅವರು ಕನ್ನಡಕ್ಕೆ ಹೊರಳಿದರು. ಗುಂಡನ್ನು ತಿರುಗಿಸಿ ನೋಡಿ, ಮೂಗಿನ ಹತ್ತಿರ ಹಿಡಿದು ಮೂಸಿದರು.

"ಸಾಬ್, ಇದ್ರಾಗ ಏಲಕ್ಕಿ ವಾಸ್ನಿ ಬರ್ತೈತಿ. ನಿಮ್ಮ ಮನ್ಯಾಗ ಬೀಬಿ ಹುಡುಕ್ತಿರಬೇಕು. ಲಗೂನ ಒಯ್ದು ಕೊಡ್ರಿ."

ನನಗೆ ಅವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಅವರು ವಿಜಾಪುರದವರು. ನಲವತ್ತು ವರ್ಷದ ಹಿಂದೆ ಮುಂಬಯಿಗೆ ಬಂದವರು. ಮರುದಿನವೇ ಬಸವರಾಜನ ಎಂಜಿನ್ನು ಆ ಚಪ್ಪರದ ಕೆಳಗೆ ಇಳಿಯಿತು.

ನಾನು ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ದಸ್ತಗೀರ್ ಸಾಬರು ಒಂಬತ್ತು ದಿನ ಮನಸ್ಸಿಟ್ಟು ದುಡಿದರು. ಆ ಒಂಬತ್ತನೆಯ ದಿನ ಶುಕ್ರವಾರ. ಲೋಕಲ್ ಟ್ರೇನಿನಲ್ಲಿ ನನ್ನ ಎದುರು ಕೂತವನೊಬ್ಬ ತನ್ನ ಗೆಳೆಯನಿಗೆ ಹೇಳುತ್ತಿದ್ದ: ವರ್ಕಶಾಪಿನವರು ಕೊನೆಯ ದಿನದವರೆಗೂ ಸಾಧುಗಳ ಹಾಗೆ ಇರುತ್ತಾರೆ, ಸಾಮಾನು ಬದಲಾಗುವುದು ಎಂಜಿನ್ ಮುಚ್ಚುವ ದಿನ. ದಸ್ತಗೀರ್ ಸಾಬರು ಎಂಜಿನ್ ಮುಚ್ಚುವುದು ಮರುದಿನವೇ! ಅರ್ಧ ದಿನ ರಜೆ ಹಾಕಿ ಕುರ್ಲಾಕ್ಕೆ ಓಡಿದೆ.

"ಛಲೋ ಆತು ಬಂದ್ರಿ," ಎಂದರು ದಸ್ತಗೀರ್ ಸಾಬರು, ಕೈ ತೊಳೆಯುತ್ತ. "ನಾ ನಮಾಜಿಗೆ ಹೋಗಿ ಬರ್ತೀನಿ. ದುಕಾನ ಸ್ವಲ್ಪ ನೋಡ್ಕೋರಿ."

ಇಡೀ ಅಂಗಡಿಯನ್ನು ನನ್ನ ಕೈಗೆ ಬಿಟ್ಟು ಅವರು ಹೋದರು. ಮೇಜಿನ ಮೇಲೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಕ್ರ್ಯಾಂಕ್ ಮಲಗಿತ್ತು. ಪಿಸ್ಟನ್ನುಗಳ ಕುಣಿತವನ್ನು ಗಾಲಿಯ ತಿರುಗಾಟವಾಗಿ ಮಾಡುವ ಆ ಸೊಟ್ಟ ಸರಳು ಎಂಜಿನ್ನಿನ ಬೆನ್ನೆಲುಬು. ಕದಿಯುವವನು ಮೊದಲು ಕದಿಯುವುದು ಇದನ್ನೇ ಎಂದು ನನಗೆ ಅನ್ನಿಸಿತು. ಗುರುತು ಹಾಕಿಬಿಟ್ಟರೆ ಯಾರೂ ಬದಲಿಸಲಾರರು. ಕಬ್ಬಿಣ ಉಜ್ಜುವ ಮೂರು ಮೂಲೆಯ ಒಂದು ಅರ ಅಲ್ಲೇ ಬಿದ್ದಿತ್ತು.

ಕ್ರ್ಯಾಂಕಿನ ಹೆಚ್ಚಿನ ಭಾಗ ಕಪ್ಪಾಗಿ, ಒರಟಾಗಿತ್ತು. ಅಲ್ಲಿ ಅಕ್ಷರ ಚೆನ್ನಾಗಿ ಮೂಡುವುದಿಲ್ಲ. ನಡುನಡುವೆ ಕೆಲವು ಕಡೆ ಮಾತ್ರ ಮುಖ ಕಾಣುವಷ್ಟು ನುಣ್ಣಗೆ ಹೊಳೆಯುತ್ತಿತ್ತು. ಅದರಲ್ಲೇ ಎಲ್ಲಕ್ಕಿಂತ ನುಣ್ಣಗಿನ ಜಾಗ ಆರಿಸಿ, ಅರದ ಮೂಲೆಯಿಂದ ಒತ್ತಿ ಒತ್ತಿ, ಒತ್ತಕ್ಷರ, ದೀರ್ಘ ಒಂದೂ ಬಿಡದೆ "ಮಲ್ಲಿಕಾರ್ಜುನ, ಸಯನ್" ಎಂದು ಕೊರೆದೆ. ಕನ್ನಡದಲ್ಲೇ ಬರೆದೆ. ದಸ್ತಗೀರ್ ಸಾಬರು ಕನ್ನಡ ಮಾತಾಡಿದರೂ ಓದಲು ಬಾರದು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಅಕ್ಷರಗಳು ಬಹಳ ದುಂಡಗೆ ಬಂದಿದ್ದವು. ಮತ್ತೆ ಬಟ್ಟೆ ಸುತ್ತಿಟ್ಟೆ.

ಅವರು ನಮಾಜು ಮುಗಿಸಿ ಬಂದು ಬಟ್ಟೆ ಸರಿಸಿದರು. ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಬಗ್ಗಿದರು.

"ಮ... ಲ್ಲಿ... ಕಾ... ರ್ಜು... ನ," ಎಂದು ಓದಿದರು. "ನಾನೂ ನಾಲ್ಕನೇತ್ತ ತನಕ ಕನ್ನಡ ಸಾಲೀಗೆ ಹೋಗೀನಿ, ಸಾಬ್."

ನಾನು ಅರವನ್ನು ಮೆಲ್ಲಗೆ ಬಟ್ಟೆಯ ಅಡಿಗೆ ಸರಿಸಿದೆ.

"ಈ ಹೊಳಿಯೋ ಜಾಗಾ ಬೇರಿಂಗಿನೊಳಗ ತಿರುಗೋದು. ಇಲ್ಲಿ ಒಂದು ಕೂದಲೆಳಿಯಷ್ಟು ಗೀರು ಇರಬಾರ್ದು ಅಂತ ನಾ ಎರಡು ದಿನ ಗ್ರೈಂಡ್ ಮಾಡೀನಿ. ನೀವು ಊರ ಹೆಸರೂ ಬರದೀರಿ."

"ಯಾರಾದ್ರೂ ಬದಲಿ ಮಾಡ್ಯಾರು ಅಂತ..." ಎಂದೆ.

"ಯಾರು ಬದಲಿ ಮಾಡ್ತಾರ? ಇಲ್ಲಿ ನನ್ನ ಬಿಟ್ರ ಯಾರದಾರ?" ಅವರ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ನಾ ನಿಮ್ಮ ಮ್ಯಾಲೆ ಪೂರಾ ದುಕಾನ ಬಿಟ್ಟು ಹೋಗಿದ್ನಿ."

ಕುರ್ಲಾದ ಓಣಿಯ ನೆಲ ಬಾಯಿಬಿಟ್ಟಿದ್ದರೆ ಸಂತೋಷದಿಂದ ಇಳಿಯುತ್ತಿದ್ದೆ. ತಪ್ಪಾಯಿತು ಎಂದು ಎರಡೂ ಕೈ ಜೋಡಿಸಿದೆ. ಅವರು ಒಂದೊಂದೇ ಅಕ್ಷರದ ಮೇಲೆ ಉಗುರು ಆಡಿಸಿ ಆಳ ನೋಡಿದರು. ಕೊನೆಗೆ ಮೀಸೆಯ ಒಂದು ಮೂಲೆ ಅಲುಗಿತು. "ಬರೇ 'ಮ' ಅಂತ ಬರದಿದ್ರ ಬರೋಬ್ಬರಿ ಆಗ್ತಿತ್ತು. ನಿಮ್ಮ ಒತ್ತಕ್ಷರ ಭಾಳ ಒಳಗ ಹೋಗ್ಯಾವು."

ಕ್ರ್ಯಾಂಕನ್ನು ಮತ್ತೆ ಗ್ರೈಂಡ್ ಮಾಡಿ ತೆಳ್ಳಗೆ ಮಾಡಬೇಕಾಯಿತು. ತೆಳ್ಳಗಾದದ್ದಕ್ಕೆ ಬೇರೆ ಅಳತೆಯ ಬೇರಿಂಗು ಬೇಕಾಯಿತು. ಅದನ್ನು ಹುಡುಕುತ್ತ ನಾನು ಮುಂಬಯಿಯ ಮೂವತ್ತು ಅಂಗಡಿ ಹತ್ತಿಳಿದೆ. ಬಸವರಾಜನ ಹದಿನೈದು ದಿನ ಮುಗಿದವು. ಬಿಲ್ಡರ್ ಕೈತಪ್ಪಬಾರದೆಂದು ಅವನು ಒಂದು ಕೈಗಾಡಿ ತಂದು ಅದರಲ್ಲೇ ಇಟ್ಟಿಗೆ ಸಾಗಿಸತೊಡಗಿದ. ಮುಂದೆ ಎಳೆಯುವವನು ಅವನು. ಹಿಂದೆ ತಳ್ಳುವವನು ಯಾರು ಎಂಬ ಪ್ರಶ್ನೆಗೆ ಸುಮಿತ್ರಾ ನನ್ನ ಕಡೆ ಬರೀ ನೋಡಿದಳು. ಹೊಟ್ಟೆನೋವೆಂದು ಆಫೀಸಿಗೆ ರಜೆ ಬರೆದೆ.

ನಮ್ಮ ಹೆಡ್ ಕ್ಲಾರ್ಕ್ ಮುಲುಂಡ್‌ನಲ್ಲೇ ಇರುತ್ತಾರೆ ಎಂಬುದು ನನಗೆ ನೆನಪಾದದ್ದು, ಸ್ಟೇಷನ್ ರಸ್ತೆಯಲ್ಲಿ ಅವರು ಛತ್ರಿ ಹಿಡಿದು ಗಾಡಿಯ ಪಕ್ಕದಲ್ಲೇ ನಡೆಯತೊಡಗಿದಾಗ. ಬೆವರಿನಲ್ಲಿ ಮಿಂದು, ತಲೆಗೆ ಟವೆಲ್ ಸುತ್ತಿ ತಳ್ಳುತ್ತಿದ್ದ ನನ್ನನ್ನು ಅವರು ಒಂದು ಫರ್ಲಾಂಗಿನವರೆಗೆ ಅಧ್ಯಯನ ಮಾಡಿದರು.

"ಹೊಟ್ಟೆನೋವಿಗೆ ಈ ಔಷಧ ಯಾವ ಡಾಕ್ಟರು ಬರೆದುಕೊಟ್ಟರು, ಮಲ್ಲಿಕಾರ್ಜುನ?" ಎಂದರು.

ಕೈಗಾಡಿ ತಳ್ಳತೊಡಗಿದ ಮೂರನೆಯ ದಿನ ಲಾರಿ ಸಿದ್ಧವಾಯಿತು. ಚಾಲೂ ಮಾಡಿದಾಗ ಸದ್ದು ಎಷ್ಟು ಮೆಲ್ಲಗಿತ್ತೆಂದರೆ, ಹೊಗೆಯೂ ಕಾಣದೆ, ಬಸವರಾಜ ಅದು ಚಾಲೂ ಆಗಿಲ್ಲವೆಂದು ತಿಳಿದು ಮತ್ತೆ ಕೀಲಿ ತಿರುಗಿಸಿದ. ಬಿಲ್ಡರ್ ಗೊಣಗುತ್ತಲೇ ಅವನನ್ನು ಉಳಿಸಿಕೊಂಡ.

ಆ ಮೇಲೆ ಮುಲುಂಡ್‌ನ ನಮ್ಮ ಕಡೆಯ ಲಾರಿ ಡ್ರೈವರುಗಳೆಲ್ಲ ಬಸವರಾಜನ ಹತ್ತಿರ ವಿಳಾಸ ಕೇಳತೊಡಗಿದರು. ಒಮ್ಮೆ ನನ್ನ ಎದುರಿಗೇ ಒಬ್ಬ ಕೇಳಿದ. ಬಸವರಾಜ ದಸ್ತಗೀರ್ ಸಾಬರ ಓಣಿ, ತಿರುವು ಎಲ್ಲ ವಿವರಿಸಿ, ಹೆಮ್ಮೆಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟ.

"ಅಂಥಾ ನಂಬಿಗಸ್ಥ ಮನಷ್ಯಾನ್ನ ಹುಡುಕಿದವ್ರು ಇವರ, ನಮ್ಮ ಮಾಮಾ," ಎಂದ.

ನಾನು ಎದೆ ಸ್ವಲ್ಪ ಮುಂದೆ ತಂದೆ.

"ಖರೆ ಇವರನ್ನ ಮಾತ್ರ ಸಂಗಾಟ ಕರ್ಕೊಂಡ ಹೋಗಬ್ಯಾಡ್ರಿ," ಎಂದ ಬಸವರಾಜ. "ಇವರು ಬಂದ್ರ ಸಾಬರು ಅರ ಎಲ್ಲಾ ಎತ್ತಿ ಪೆಟಿಗ್ಯಾಗಿಟ್ಟು ಕೀಲಿ ಹಾಕ್ತಾರ."